ಕಲ್ಯಾಣಿಯಲ್ಲಿ ಬಾಗಿಲಿಗೆ ಅಡ್ಡ ಕೂತದ್ದು

ಪರದೇಶಕ್ಕೆ ಹೋಗಿ ಬಂದವನು ನಾನು ಎಂದರೆ ಧಾರವಾಡದ ನಮ್ಮ ಓಣಿಯ ಹುಡುಗರು ಯಾವ ದೇಶ ಎಂದು ಕೇಳುತ್ತಾರೆ. ಹುಮನಾಬಾದ ಎನ್ನುತ್ತೇನೆ. ಬಿದ್ದು ಬಿದ್ದು ನಗುತ್ತಾರೆ. ನಗಲಿ. ನಾನು ಹೋದದ್ದು ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲು. ಆಗ ಅದು ನಿಜಾಮರ ರಾಜ್ಯ. ಬೇರೆ ನಾಣ್ಯ, ಬೇರೆ ಅಂಚೆ ಚೀಟಿ, ಪೆಟ್ಟಿಗೆ ಬಿಚ್ಚಿ ತೋರಿಸದೆ ಒಳಗೆ ಬಿಡದ ಸುಂಕದವರು. ಇದು ಪರದೇಶವಲ್ಲದಿದ್ದರೆ ಮತ್ತೆ ಯಾವುದು? ಅಲ್ಲಿಯೂ ಕನ್ನಡ ಮಾತಾಡುತ್ತಿದ್ದರು ಎಂಬುದೊಂದೇ ಕೊರತೆ. ಅದರಿಂದ ಪರದೇಶದ ಗತ್ತು ಸ್ವಲ್ಪ ಕಡಿಮೆಯಾಗುತ್ತಿತ್ತು.

ನಾನು ಆಗ ಮುಂಬಯಿಯಲ್ಲಿ ಎಂ.ಎ. ಓದುತ್ತಿದ್ದೆ. ವಿಷಯ ಸಮಾಜಶಾಸ್ತ್ರ. ಜನರ ದಿನನಿತ್ಯದ ಬದುಕನ್ನೂ ರೂಢಿಗಳನ್ನೂ ಮನೆಮನೆಗೆ ಹೋಗಿ ಕೇಳಿ ಬರೆದು ತರಬೇಕೆಂದು ನಮ್ಮ ಪ್ರೊಫೆಸರರು ಅಪ್ಪಣೆ ಕೊಡಿಸಿದ್ದರು. ಅವರು ಸ್ವತಃ ಯಾರ ಮನೆಗೂ ಹೋಗುತ್ತಿರಲಿಲ್ಲ. ನಲವತ್ತೆರಡು ಪ್ರಶ್ನೆಗಳನ್ನು ಅಚ್ಚು ಹಾಕಿಸಿದೆವು. ಮನೆಯಲ್ಲಿ ಮೊದಲು ಯಾರು ಉಣ್ಣುತ್ತಾರೆ, ಅತಿಥಿ ಬಂದರೆ ಎಲ್ಲಿ ಕೂರಿಸುತ್ತಾರೆ, ಜಗಳವಾದರೆ ಮೊದಲು ಮಾತು ಬಿಡುವವರು ಯಾರು, ಹೀಗೆ. ಆ ಹಾಳೆಗಳ ಕಟ್ಟು ಹಿಡಿದುಕೊಂಡು ನಾನು ಗುಲಬರ್ಗಾ ಸ್ಟೇಷನ್ನಿನಲ್ಲಿ ಇಳಿದೆ.

ಗುಲಬರ್ಗಾ

ಸುಂಕದ ಅಧಿಕಾರಿ ನನ್ನ ಟ್ರಂಕಿನಿಂದ ಒಂದು ಹಾಳೆ ಎತ್ತಿಕೊಂಡು ನಿಧಾನವಾಗಿ ಓದಿದರು.

"ಇದು ಯಾವ ಸರಕಾರದ್ದರಿ?"

"ಯಾವ ಸರಕಾರದ್ದೂ ಅಲ್ಲ. ನನ್ನದು."

"ನಮ್ಮ ಮನ್ಯಾಗ ಯಾರು ಮೊದಲು ಉಣತಾರ ಅನ್ನೂದು ನಿಮಗ್ಯಾಕ ಬೇಕ್ರಿ?"

"ತಿಳಿದುಕೊಳ್ಳಲಿಕ್ಕೆ."

"ತಿಳಕೊಂಡು?"

ಅವರು ಸುಂಕ ಬೀಳುವ ಸಾಮಾನುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಪ್ರಶ್ನೆಗಳ ಹೆಸರು ಅದರಲ್ಲಿ ಇರಲಿಲ್ಲ. ಬಿಟ್ಟುಬಿಟ್ಟರು. ಹೋಗುವಾಗ ಕರೆದು, ತಮ್ಮ ಮನೆಯಲ್ಲಿ ಮೊದಲು ಉಣ್ಣುವುದು ಅತ್ತೆ ಎಂದು ತಾವಾಗಿಯೇ ಹೇಳಿದರು. ಹೇಳಿ ಅವರಿಗೆ ಎಷ್ಟೋ ಹಗುರವಾದಂತೆ ಕಂಡಿತು.

ಹುಮನಾಬಾದ

ಮೋಟಾರಿನಲ್ಲಿ ಹುಮನಾಬಾದಿಗೆ ಬಂದು ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಬುರ್ಕಾ ಹಾಕಿದ ಒಬ್ಬ ಮುದುಕಿ ಅಂಗಡಿಯ ಹೊರಗೆ ನಿಂತು ಅಂಗಡಿಯ ಬಸಣ್ಣನನ್ನು ಕರೆದಳು.

"ಬಸಣ್ಣಾ, ನಿನ್ನ ಹಾಲಿನಾಗ ನೀರು ಅದ ಅಂತ ಓಣಿ ತುಂಬ ಹೇಳಕೋತ ಅಡ್ಡಾಡೀನಿ. ಮಾಫ್ ಮಾಡಪ್ಪಾ."

ಬಸಣ್ಣ ಕೈಮುಗಿದ. "ನೀರು ಹಾಕಿದ್ದು ಖರೇನ ಅದ, ಖಾಲಾ. ಆದ್ರೂ ಮಾಫ್ ಮಾಡೀನಿ."

ಮುದುಕಿ ಸಮಾಧಾನದಿಂದ ಮುಂದಿನ ಅಂಗಡಿಗೆ ಹೋದಳು. ನಾನು ಪೆನ್ಸಿಲು ತೆಗೆದೆ. ಬಸಣ್ಣ ವಿವರಿಸಿದ. ಊರೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಹಜ್ ಯಾತ್ರೆಗೆ ಹೊರಟಿದ್ದಾಳೆ. ನಾಡಿದ್ದು ಮಧ್ಯಾಹ್ನ ಮೂರಕ್ಕೆ ಯಾತ್ರಿಕರ ಮೋಟಾರು ಗುಲಬರ್ಗಾಕ್ಕೆ ಹೊರಡುತ್ತದೆ, ಅಲ್ಲಿಂದ ರಾತ್ರಿಯ ರೈಲು, ಮುಂಬಯಿಯಲ್ಲಿ ಹಡಗು. ಹಾಗೆ ಹೊರಟವರು ಅಂದದ್ದು ಆಡಿದ್ದು ಎಲ್ಲಕ್ಕೂ ಕಂಡವರಲ್ಲೆಲ್ಲ ಮಾಫಿ ಕೇಳಿಕೊಂಡು ಹೋಗಬೇಕು. ಯಾರದೇ ಮನಸ್ಸಿನಲ್ಲಿ ಕಹಿ ಉಳಿದರೂ ಯಾತ್ರೆ ಪೂರ್ಣವಾಗುವುದಿಲ್ಲ ಎಂದು ಖಾಲಾ ನಂಬಿದ್ದಾಳೆ.

"ಊರಾಗ ಎಲ್ಲಾರದೂ ಮುಗೀತ್ರಿ. ಒಬ್ಬಾಕಿದ ಮಾತ್ರ ಬಾಕಿ ಅದ."

"ಯಾರದು?"

"ಮಗಳದು. ಕಲ್ಯಾಣದಾಗ ಕೊಟ್ಟಾರ. ಎರಡು ವರ್ಷ ಆತು, ಮಾತಿಲ್ಲ."

ಕಾರಣ ಒಂದು ತಾಮ್ರದ ಹಂಡೆ. ಖಾಲಾ ಅದನ್ನು ಕಲ್ಯಾಣದ ಈ ದೊಡ್ಡ ಮಗಳಿಗೆ ಕೊಡುತ್ತೇನೆಂದು ಹೇಳಿ ಸಣ್ಣ ಮಗಳಿಗೆ ಕೊಟ್ಟಳು. ಜಗಳದ ಭರದಲ್ಲಿ ಖಾಲಾ, ನಿನ್ನ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಆಣೆ ಹಾಕಿದಳು. ಈಗ ಆಣೆ ಮುರಿದು ಹಜ್‌ಗೆ ಹೋಗುವ ಹಾಗಿಲ್ಲ, ಮಗಳ ಮಾಫಿ ಇಲ್ಲದೆಯೂ ಹೋಗುವ ಹಾಗಿಲ್ಲ. ನೀನೇ ಬಂದು ಹೋಗು ಎಂದು ಎರಡು ಸಲ ಹೇಳಿ ಕಳಿಸಿದ್ದಾಳೆ. ಮಗಳು ಬಂದಿಲ್ಲ.

ನಾನು ಇದನ್ನೆಲ್ಲ 'ಯಾತ್ರೆಗೆ ಮುಂಚಿನ ಆಚರಣೆಗಳು' ಎಂಬ ತಲೆಬರಹದ ಕೆಳಗೆ ಅಚ್ಚುಕಟ್ಟಾಗಿ ಬರೆದುಕೊಂಡು ಇನ್ನೊಂದು ಕಪ್ ಚಹಾ ಕುಡಿದೆ. ಹಾಲಿನ ಬಗ್ಗೆ ಖಾಲಾ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಲ್ಯಾಣಿ

ಈಗಿನ ಬಸವಕಲ್ಯಾಣವನ್ನು ಆಗ ಕಾಗದಪತ್ರದಲ್ಲಿ ಕಲ್ಯಾಣಿ ಎಂದೇ ಬರೆಯುತ್ತಿದ್ದರು, ಜನ ಕಲ್ಯಾಣ ಎನ್ನುತ್ತಿದ್ದರು. ಮಾರನೆಯ ದಿನ ಅಲ್ಲಿಗೆ ಹೋಗಿ, ಗಾಣದ ಶರಣಪ್ಪನ ಮನೆಯಲ್ಲಿ ಇಳಿದುಕೊಂಡೆ. ನಮ್ಮ ಓಣಿಯ ಎಣ್ಣೆ ವ್ಯಾಪಾರಿಯೊಬ್ಬರು ಆತನಿಗೆ ಚೀಟಿ ಬರೆದುಕೊಟ್ಟಿದ್ದರು. ಶರಣಪ್ಪ ಗಟ್ಟಿ ಗಂಟಲಿನ ಮನುಷ್ಯ, ದಿನವಿಡೀ ಎತ್ತಿನ ಜೊತೆ ಮಾತಾಡಿ ಮನುಷ್ಯರ ಜೊತೆಯೂ ಅದೇ ಸ್ವರದಲ್ಲಿ ಮಾತಾಡುತ್ತಿದ್ದ. ನನ್ನ ಪ್ರಶ್ನೆಗಳನ್ನು ಕೇಳಿ, "ಇವನ್ನ ಕೇಳಾಕ ಮುಂಬೈಯಿಂದ ಬಂದೀರಿ? ನಿಮ್ಮವ್ವಗ ಗೊತ್ತದ ಏನ್ರಿ?" ಎಂದ.

ಅದರ ಮರುದಿನ, ಅಂದರೆ ಖಾಲಾ ಹೊರಡಬೇಕಿದ್ದ ದಿನ ಬೆಳಿಗ್ಗೆ, ಓಣಿಯ ಆಚೆ ತುದಿಯಲ್ಲಿದ್ದ ಬಟ್ಟೆ ವ್ಯಾಪಾರಿ ಮೆಹಬೂಬ ಸಾಹೇಬರ ಮನೆಗೆ ಹೋದೆ. ಬಹಳ ಸಂಭಾವಿತರು, ನಾಲ್ಕು ತಲೆಮಾರಿನಿಂದ ಅದೇ ಮನೆ. ನಾನು ಆಮೇಲೆ ತಿಳಿದುಕೊಂಡದ್ದನ್ನು ಓದುವವರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಖಾಲಾನ ದೊಡ್ಡ ಮಗಳನ್ನು ಕೊಟ್ಟದ್ದು ಇದೇ ಸಾಹೇಬರಿಗೆ. ಎರಡು ವರ್ಷ ಹಟ ಹಿಡಿದಿದ್ದ ಆಕೆ ಅದೇ ಬೆಳಿಗ್ಗೆ ನಮಾಜು ಮುಗಿಸಿ, ನಾನು ಹೋಗುತ್ತೇನೆ ಎಂದಿದ್ದಳು. ಬಜಾರಿನಿಂದ ಹುಮನಾಬಾದಿಗೆ ದಿನಕ್ಕೊಂದೇ ಮೋಟಾರು, ಹತ್ತು ಗಂಟೆಗೆ. ನಾನು ಬಾಗಿಲು ತಟ್ಟಿದ್ದು ಒಂಬತ್ತಕ್ಕೆ.

ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಅದನ್ನು ದಾಟಿದರೆ ಗಂಡಸರು ಕೂರುವ ಪಡಸಾಲೆ, ಅದರಾಚೆ ಪರದೆ, ಪರದೆಯ ಒಳಗೆ ಹೆಂಗಸರು. ಅವರು ಹೊರಗೆ ಹೋಗುವುದಾದರೆ ಪಡಸಾಲೆಯಲ್ಲಿ ಪರಪುರುಷ ಇರುವಂತಿಲ್ಲ. ನಾನು ಪಡಸಾಲೆಯಲ್ಲಿ ಇದ್ದೆ. ಅಷ್ಟೇ ಅಲ್ಲ, ಬರೆಯಲು ಬೆಳಕು ಸಾಲದೆಂದು ಕುರ್ಚಿಯನ್ನು ನಾನೇ ಎಳೆದು ಹೊಸ್ತಿಲಿಗೆ ಹತ್ತಿಸಿ ಹಾಕಿಕೊಂಡೆ.

ಚಹಾ ಬಂತು. ಹಿಂದೆಯೇ ಬೆಳ್ಳಿಯ ತಟ್ಟೆಯಲ್ಲಿ ಪಾನ್ ಬಂತು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಎಲೆ ಅಡಿಕೆ ಇಟ್ಟರೆ, ಇನ್ನು ಆರಾಮಾಗಿ ಕೂತು ಮಾತಾಡಿ ಎಂದು ಅರ್ಥ. ಕಲ್ಯಾಣಿಯ ದೊಡ್ಡ ಮನೆಗಳಲ್ಲಿ ಪಾನ್ ಕೊಟ್ಟರೆ, ನಿಮ್ಮ ದರ್ಶನದಿಂದ ಸಂತೋಷವಾಯಿತು, ಇನ್ನು ಹೊರಡಿ ಎಂದು ಅರ್ಥ. ಬಾಯಿಬಿಟ್ಟು ಹೋಗಿ ಎನ್ನುವುದು ಅವರ ಏಳು ತಲೆಮಾರಿಗೂ ಆಗದ ಮಾತು. ನಾನು ಪಾನ್ ಬಾಯಿಗೆ ಹಾಕಿಕೊಂಡು ಕುರ್ಚಿಗೆ ಒರಗಿ, ಹಾಳೆ ತಿರುವಿ, ಪ್ರಶ್ನೆ ಒಂದು ಎಂದೆ.

ಮೆಹಬೂಬ ಸಾಹೇಬರು ಉತ್ತರಿಸಿದರು. ಪ್ರಶ್ನೆ ಎಂಟರ ಹೊತ್ತಿಗೆ ಇನ್ನೊಂದು ಪಾನ್ ಕೊಟ್ಟರು. ಹನ್ನೆರಡರ ಹೊತ್ತಿಗೆ ಎದ್ದು ನಿಂತು ನನ್ನ ಕೈಗೆ ಅತ್ತರು ಹಚ್ಚಿದರು. ಇಷ್ಟು ಮರ್ಯಾದೆ ನನಗೆ ನನ್ನ ಮುಂಜಿವೆಯಲ್ಲೂ ಸಿಕ್ಕಿರಲಿಲ್ಲ. ಸಂಕೋಚದಿಂದ, "ಸಾಹೇಬರ, ನೀವು ನಿಂತಿರಿ ಯಾಕ, ಕೂಡ್ರಿ" ಎಂದು ಅವರ ಮನೆಯಲ್ಲಿ ಅವರನ್ನೇ ಕೂರಿಸಿದೆ. ಕೂತರು.

"ಪ್ರಶ್ನೆ ಹದಿನೇಳು. ಮನೆಯ ಹೆಂಗಸರು ಎಷ್ಟು ಸಲ ಹೊರಗೆ ಹೋಗುತ್ತಾರೆ?"

ಅವರ ಮುಖ ಅರಳಿತು. "ಅದ ನೋಡ್ರಿ ಜನಾಬ್, ಇವತ್ತ ಒಂದು ಪ್ರಸಂಗ ಬಂದದ. ಹತ್ತರ ಮೋಟಾರಿಗೆ ನಮ್ಮ ಮನಿಯವರು..."

"ಇವತ್ತಿಂದು ಬ್ಯಾಡ್ರಿ. ಸಾಧಾರಣವಾಗಿ?"

ಅವರು ಪರದೆಯ ಕಡೆ ನೋಡಿದರು. "ಸಾಧಾರಣವಾಗಿ ಕಮ್ಮಿರಿ" ಎಂದರು. ನಾನು 'ಬಹಳ ಅಪರೂಪ' ಎಂದು ಬರೆದೆ.

ಪರದೆಯ ಒಳಗೆ ಬಳೆಗಳ ಸದ್ದು. ಒಂದು ಕೆಮ್ಮು. ಮತ್ತೊಂದು ದೊಡ್ಡ ಕೆಮ್ಮು. ಮನೆಯಲ್ಲಿ ಯಾರಿಗೋ ನೆಗಡಿ ಎಂದುಕೊಂಡು ಪ್ರಶ್ನೆ ಇಪ್ಪತ್ತನ್ನು, ಅಂದರೆ ಮನೆಮದ್ದಿನ ವಿಚಾರವನ್ನು, ಸ್ವಲ್ಪ ವಿಸ್ತಾರವಾಗಿಯೇ ಕೇಳಿದೆ. ಬಜಾರಿನಲ್ಲಿ ಮೋಟಾರಿನ ಹಾರ್ನು ಕೂಗಿತು. ಸ್ವಲ್ಪ ತಡೆದು ಮತ್ತೆ ಕೂಗಿತು. ಮೂರನೆಯ ಸಲ ಬಹಳ ಉದ್ದವಾಗಿ ಕೂಗಿತು. ಇಲ್ಲಿಯ ಡ್ರೈವರುಗಳಿಗೆ ಹಾರ್ನಿನ ಚಟ ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಆ ಟಿಪ್ಪಣಿ ಇನ್ನೂ ನನ್ನ ಹತ್ತಿರ ಇದೆ. ಅದನ್ನು ನೋಡಿದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮೂವತ್ತೊಂದನೆಯ ಪ್ರಶ್ನೆಯಲ್ಲಿದ್ದಾಗ ಶರಣಪ್ಪ ಬಂದ. ಬಾಗಿಲಲ್ಲಿ ನಿಂತು ನನ್ನನ್ನೂ ಖಾಲಿ ಪಾನಿನ ತಟ್ಟೆಯನ್ನೂ ಸಾಹೇಬರ ಮುಖವನ್ನೂ ನೋಡಿದ.

"ಸಾಹೇಬರ, ಬೀಬಿ ಹೋಗಲಿಲ್ಲೇನ್ರಿ? ಮೋಟಾರ ಹೋತಲ್ಲ!"

"ಮೆಹಮಾನರು ಬಂದಾರ ಶರಣಪ್ಪಾ" ಎಂದರು ಸಾಹೇಬರು, ಮೆಲ್ಲಗೆ.

ಶರಣಪ್ಪ ನನ್ನ ಕಡೆ ತಿರುಗಿದ. "ಏಳ್ರಿ ಮ್ಯಾಲ! ಒಳಗ ಆಕಿ ಬುರ್ಕಾ ಹಾಕ್ಕೊಂಡು ತಾಸಿನಿಂದ ನಿಂತಾಳ! ತಾಯಿ ಮೂರಕ್ಕ ಹೊಂಟಾಳ! ನೀವು ಇಲ್ಲಿ ಬಾಗಿಲದಾಗ ಕುಂತು ಹೆಂಗಸರು ಹೊರಗ ಹೊಂಡತಾರೇನು ಅಂತ ಕೇಳಾಕತ್ತೀರಿ!"

ಪರದೆಯ ಒಳಗೆ ಯಾರೋ ಅತ್ತರು. ಬಾಯಿಗೆ ಸೆರಗು ಒತ್ತಿಕೊಂಡು ಅಳುವ ಸದ್ದು. ಹುಮನಾಬಾದಿನಲ್ಲಿ ಬಸಣ್ಣ ಹೇಳಿದ್ದೆಲ್ಲ ನನ್ನ ತಲೆಗೆ ಆಗ ಹೊಳೆಯಿತು. ನಾನು ಎದ್ದು ಬೀದಿಗೆ ಹೋಗಿ ನಿಂತೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಇನ್ನೊಮ್ಮೆ ಆಗಿಲ್ಲ.

ಶರಣಪ್ಪ ಹೇಗೂ ಮೂರಕ್ಕೆ ಮುಟ್ಟುವುದಿಲ್ಲ ಎನ್ನುತ್ತಲೇ ಬಂಡಿ ಹೂಡಿದ. ಬಂಡಿಯ ಕಮಾನಿಗೆ ಎರಡೂ ಕಡೆ ಚಾದರ ಕಟ್ಟಿದರು, ಸಾಹೇಬರೂ ಹೆಂಡತಿಯ ಜೊತೆ ಹೊರಟರು. ಯಾರಾದರೂ ಮುಂದೆ ಹೋಗಿ ಹುಮನಾಬಾದಿನಲ್ಲಿ ಯಾತ್ರಿಕರ ಮೋಟಾರನ್ನು ನಿಲ್ಲಿಸಬೇಕಿತ್ತು. ನಾನು ಹೋಗುತ್ತೇನೆ ಎಂದೆ. ಮೆಹಬೂಬ ಸಾಹೇಬರು ಒಳಗಿನಿಂದ ತಮ್ಮ ಸೈಕಲ್ಲು ತಂದುಕೊಟ್ಟರು.

"ಸೀಟು ಜರಾ ಸಖ್ತ್ ಅದರಿ" ಎಂದರು. "ತಕಲೀಫ್ ಆಗ್ತದ. ಮಾಫ್ ಮಾಡ್ರಿ."

ರಾಜೇಶ್ವರ

ಸೀಟು ಗಟ್ಟಿ ಎಂದು ಅವರು ಹೇಳಿದ್ದು ನಿಜ. ಕಲ್ಯಾಣಿಯಿಂದ ಹುಮನಾಬಾದಿಗೆ ಹದಿನೆಂಟು ಇಪ್ಪತ್ತು ಮೈಲಿ. ನಾನು ಅಲ್ಲಿಯವರೆಗೆ ಕಾಲೇಜಿನಿಂದ ಖಾನಾವಳಿಗೆ ಮಾತ್ರ ಸೈಕಲ್ಲು ತುಳಿದವನು. ಬಂಡಿಯ ಜಾಡಿನಲ್ಲಿ ಚಕ್ರ ಸಿಕ್ಕಿ ಎರಡು ಸಲ ಬಿದ್ದೆ. ರಾಜೇಶ್ವರದಲ್ಲಿ ಸರಪಳಿ ಕಳಚಿತು. ದಾರಿಬದಿಯ ಒಬ್ಬ ರೈತ ಅದನ್ನು ಹಾಕಿಕೊಡುತ್ತ ಯಾವೂರು, ಯಾರ ಪೈಕಿ, ಮದುವೆ ಆಗಿದೆಯೇ, ಯಾಕೆ ಆಗಿಲ್ಲ, ಮನೆಯಲ್ಲಿ ಎಷ್ಟು ಎಮ್ಮೆ, ಎಲ್ಲವನ್ನೂ ಕೇಳಿ ತಿಳಿದುಕೊಂಡ. ನಮ್ಮ ಪ್ರೊಫೆಸರರು ಆತನನ್ನು ಕಳಿಸಿದ್ದರೆ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಯಾಕಿಷ್ಟು ಅವಸರ ಎಂದು ಕೊನೆಗೆ ಕೇಳಿದ. ಒಬ್ಬ ಮುದುಕಿಯನ್ನು ತಡೆಯಬೇಕು ಎಂದೆ. ನನ್ನ ಹರಿದ ಮೊಣಕಾಲು ನೋಡಿ ಸೈಕಲ್ಲು ಎತ್ತಿ ನಿಲ್ಲಿಸಿಕೊಟ್ಟ.

ಮತ್ತೆ ಹುಮನಾಬಾದ

ನಾನು ಮುಟ್ಟಿದಾಗ ಮೋಟಾರಿನ ಮೇಲೆ ಸಾಮಾನು ಕಟ್ಟಿಯಾಗಿತ್ತು. ಹೂವಿನ ಹಾರ ಹಾಕಿಕೊಂಡ ಏಳೆಂಟು ಯಾತ್ರಿಕರು ಒಳಗೆ ಕೂತಿದ್ದರು. ಹಿಂದಿನ ಸೀಟಿಗೆ ಪರದೆ ಕಟ್ಟಿದ್ದರು, ಖಾಲಾ ಅದರೊಳಗೆ. ಡ್ರೈವರು ಹ್ಯಾಂಡಲ್ಲು ಹಾಕಿ ತಿರುಗಿಸುತ್ತಿದ್ದ.

ಬಂಡಿ ಬರಲು ಇನ್ನೂ ಎರಡು ತಾಸು ಬೇಕು. ಬಾಗಿಲಿಗೆ ಅಡ್ಡ ಕೂತರೆ ಈ ಸೀಮೆಯಲ್ಲಿ ಯಾರೂ ಎಬ್ಬಿಸುವುದಿಲ್ಲ ಎಂದು ನಾನು ಬೆಳಿಗ್ಗೆಯಷ್ಟೇ ಕಲಿತಿದ್ದೆ. ಮೋಟಾರಿನ ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಹಾಳೆ ತೆಗೆದು, "ಪ್ರಶ್ನೆ ಒಂದು" ಎಂದೆ. ಖಾಲಾನ ತಮ್ಮ ಎಂಬ ದಪ್ಪನೆಯ ಗೃಹಸ್ಥರು ನನ್ನ ಎರಡೂ ಬಗಲಿಗೆ ಕೈ ಹಾಕಿ ಎತ್ತಿ, ಬೇವಿನ ಮರದ ಕೆಳಗೆ ಇಟ್ಟು ಬಂದರು. ಹುಮನಾಬಾದ ಬೇರೆ, ಕಲ್ಯಾಣಿ ಬೇರೆ.

"ಯಾರದು, ಹುಚ್ಚ ಇದ್ದಾನೇನು?" ಎಂದು ಪರದೆಯ ಒಳಗಿನಿಂದ ಖಾಲಾ ಕೇಳಿದಳು.

ನಾನು ಮರದ ಕೆಳಗಿನಿಂದಲೇ ಕೂಗಿ ಎಲ್ಲ ಹೇಳಿದೆ. ನಿಮ್ಮ ಮಗಳು ಹೊರಟಿದ್ದಾಳೆ, ಬಂಡಿಯಲ್ಲಿ ಬರುತ್ತಿದ್ದಾಳೆ, ಮೋಟಾರು ತಪ್ಪಿದ್ದು ನನ್ನಿಂದ, ಬಾಗಿಲಿಗೆ ಅಡ್ಡ ಕೂತವನು ನಾನು. ಎಂಜಿನ್ನಿನ ಸದ್ದಿನಲ್ಲಿ ಎಷ್ಟು ಕೇಳಿಸಿತೋ.

"ಹೊಂಟಾಳಾ?" ಎಂದಳು ಖಾಲಾ. "ಆಕಿ ತಾನಾಗೇ ಹೊಂಟಾಳಾ?"

"ಹೌದ್ರಿ. ಬೆಳಿಗ್ಗೆಯೇ ಹೊರಟಿದ್ದರು."

"ಮೋಟಾರ್ ತಿರುಗಿಸು" ಎಂದಳು ಡ್ರೈವರನಿಗೆ.

"ಖಾಲಾ, ಗುಲಬರ್ಗಾ ಈ ಕಡಿ ಅದ."

"ಮಕ್ಕಾ ಹೊತ್ತು ಮುಣಗೂ ಕಡಿ ಅದ. ಕಲ್ಯಾಣನೂ ಹೊತ್ತು ಮುಣಗೂ ಕಡಿನ ಅದ. ತಿರುಗಿಸಂದ್ರ ತಿರುಗಿಸು."

ಖಾಲಾನ ತಮ್ಮ, ರಾತ್ರಿಯ ರೈಲು ತಪ್ಪೀತು ಎಂದರು. ಸಹಯಾತ್ರಿಕರಲ್ಲಿ ಒಬ್ಬ ವೃದ್ಧರು ಅವರ ಭುಜ ತಟ್ಟಿ ಸುಮ್ಮನಾಗಿಸಿದರು. ಡ್ರೈವರು ಮೋಟಾರು ತಿರುಗಿಸಿದ. ನನ್ನನ್ನು ಸೈಕಲ್ಲಿನ ಸಮೇತ ಮೇಲೆ ಸಾಮಾನಿನ ನಡುವೆ ಹಾಕಿಕೊಂಡರು.

ರಾಜೇಶ್ವರ ದಾಟಿದ ಮೇಲೆ ಶರಣಪ್ಪನ ಬಂಡಿ ಕಾಣಿಸಿತು. ಎತ್ತುಗಳ ಬಾಯಲ್ಲಿ ನೊರೆ. ನಡುರಸ್ತೆಯಲ್ಲಿ ಮೋಟಾರೂ ಬಂಡಿಯೂ ಎದುರು ಬದುರು ನಿಂತವು. ಅದು ಯಾರ ಹೊಸ್ತಿಲೂ ಅಲ್ಲ, ಹೀಗಾಗಿ ಆಣೆಗೂ ಏನೂ ಆಗಲಿಲ್ಲ. ಎರಡು ಚಾದರ ಬಿಚ್ಚಿ ಮೋಟಾರಿನಿಂದ ಬಂಡಿಯವರೆಗೆ ಓಣಿಯಂತೆ ಹಿಡಿದೆವು. ಒಂದೊಂದು ತುದಿಗೆ ಸಾಹೇಬರು, ಶರಣಪ್ಪ, ಡ್ರೈವರು ಮತ್ತು ನಾನು. ನಾಲ್ವರೂ ಹೊರಗೆ ಮುಖ ಮಾಡಿ ನಿಂತಿದ್ದೆವು. ನನ್ನ ಮುಂದೆ ಜೋಳದ ಹೊಲ.

ಬೆನ್ನ ಹಿಂದೆ ಮಾತು ಕೇಳಿಸಿತು. ಅವರ ಮನೆಮಾತು ದಖ್ಖನಿ, ನನಗೆ ಅರ್ಥವಾದದ್ದು ಅಲ್ಪಸ್ವಲ್ಪ. ಹಂಡೆ ಎಂಬ ಮಾತು ಒಮ್ಮೆ ಬಂತು, ಆಮೇಲೆ ಇಬ್ಬರೂ ನಕ್ಕರು, ಅಥವಾ ಅತ್ತರು. ಏನು ಮಾತಾಡಿದರು ಎಂದು ಆ ಸಂಜೆ ಶರಣಪ್ಪನನ್ನು ಕೇಳಿದೆ. ಆತನಿಗೆ ಎಲ್ಲ ತಿಳಿಯುತ್ತಿತ್ತು. "ಅದು ಬರಕೊಳ್ಳೂ ಮಾತಲ್ರಿ" ಎಂದು ಎದ್ದು ಹೋದ.

ಹೊರಡುವ ಮೊದಲು ಖಾಲಾ ಚಾದರದ ಆ ಮಗ್ಗುಲಿಂದಲೇ ನಮ್ಮೊಬ್ಬೊಬ್ಬರ ಹತ್ತಿರ ಬಂದು ನಿಂತು ಮಾಫಿ ಕೇಳಿದಳು. ಅಳಿಯನಲ್ಲಿ, ಶರಣಪ್ಪನಲ್ಲಿ, ಡ್ರೈವರನಲ್ಲಿ. ಕೊನೆಗೆ ನನ್ನ ಹಿಂದೆ.

"ನಿನ್ನ ಹುಚ್ಚ ಅಂದೀನಿ ಮಗಾ. ಮಾಫ್ ಮಾಡು."

"ಅಮ್ಮಾ, ತಪ್ಪು ನನ್ನದು. ನಾನೇ ನಿಮಗೂ ನಿಮ್ಮ ಮಗಳಿಗೂ..."

"ಅದು ನಂಗ ಗೊತ್ತದ. ಮೊದಲ ನಂದು ಮಾಡು. ರೈಲು ಅದ."

ಮಾಡಿದೆ ಎಂದೆ. ಅಳು ಬಂದು ಚಾದರದ ತುದಿಯಲ್ಲೇ ಮುಖ ಒರೆಸಿಕೊಂಡೆ. ಮೋಟಾರು ಧೂಳೆಬ್ಬಿಸಿಕೊಂಡು ಹೋಯಿತು. ರೈಲು ಸಿಕ್ಕಿತೆಂದು ಎರಡು ದಿನದ ಮೇಲೆ ಸುದ್ದಿ ಬಂತು.

ಮುಂಬಯಿ

ಆರು ತಿಂಗಳ ಮೇಲೆ ಶರಣಪ್ಪನ ಕಾರ್ಡು ಬಂತು. ಹಜ್ ಮುಗಿಸಿದ ಖಾಲಾ ಅಲ್ಲಿಯೇ ಜ್ವರ ಬಂದು ತೀರಿಕೊಂಡಳು, ಮಣ್ಣೂ ಅಲ್ಲಿಯೇ ಆಯಿತು ಎಂದು ಬರೆದಿದ್ದ. ಅಂಥ ಸಾವು ಪುಣ್ಯವಂತರಿಗೇ ಎಂದು ಊರಲ್ಲಿ ಅನ್ನುತ್ತಾರಂತೆ. ಕೆಳಗೆ ಇನ್ನೊಂದು ಮಾತು ಸೇರಿಸಿದ್ದ. ಅದನ್ನು ಮೆಹಬೂಬ ಸಾಹೇಬರ ಹೆಂಡತಿ ಪರದೆಯ ಒಳಗಿನಿಂದ ಹೇಳಿ ಬರೆಸಿದ್ದಳು.

"ನಮ್ಮನೀದು ಎಲ್ಲಾ ಬರಕೊಂಡು ಹೋಗ್ಯಾರಲ್ಲ, ಒಂದು ಬಿಟ್ಟಾರ. ನಾ ಹೋಗಿ ಮುಟ್ಟೀನಿ ಅಂತ ಬರೀಲಿಕ್ಕೆ ಹೇಳ್ರಿ."

ಪೆಟ್ಟಿಗೆಯಿಂದ ಆ ಮನೆಯ ಹಾಳೆ ತೆಗೆದು ನೋಡಿದೆ. ಮೂವತ್ತು ಉತ್ತರಗಳಿದ್ದವು, ಎಲ್ಲವೂ ಸಾಹೇಬರವು. ಆಕೆಯ ಹೆಸರು ಕೂಡ ಇರಲಿಲ್ಲ, ನನಗೆ ಇವತ್ತಿಗೂ ತಿಳಿಯದು. ಪ್ರೊಫೆಸರರಿಗೆ ಕಾರ್ಡು ತೋರಿಸಿ, ಈ ಮಾತನ್ನು ಪ್ರಬಂಧದಲ್ಲಿ ಎಲ್ಲಿ ಸೇರಿಸಲಿ ಎಂದು ಕೇಳಿದೆ. ಅವರು ಎರಡು ಸಲ ಓದಿ, ಇದು ಯಾವ ಪ್ರಶ್ನೆಗೆ ಉತ್ತರ ಎಂದರು. ಯಾವ ಪ್ರಶ್ನೆಗೂ ಅಲ್ಲ ಎಂದೆ. ಹಾಗಾದರೆ ಜಾಗವಿಲ್ಲ ಎಂದರು.

ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಆಕೆ ಹೋಗಿ ಮುಟ್ಟಿದಳು.